ಗಂಟೆ ಹೂವಿನ ತೀರ್ಥ

ಲೇಬಲ್ ಓದುವುದೇ ಆಗ ನನ್ನ ಕೆಲಸವಾಗಿತ್ತು. ಪಾರ್ಕ್ ರಾಯಲ್‌ನಲ್ಲಿ ಸಿದ್ಧ ಊಟ ತಯಾರಿಸುವ ಒಂದು ಫ್ಯಾಕ್ಟರಿ. ತಲೆಗೆ ಬಲೆಟೋಪಿ ಹಾಕಿಕೊಂಡು ನಿಂತು, ಬೆಲ್ಟಿನ ಮೇಲೆ ಬರುವ ಡಬ್ಬಿಗಳಲ್ಲಿ ಆಗಾಗ ಒಂದನ್ನು ಎತ್ತಿ, ಮೇಲೆ ಬರೆದದ್ದೂ ಒಳಗಿರುವುದೂ ಒಂದೇ ಹೌದೋ ಅಲ್ಲವೋ ನೋಡಬೇಕು. ಕಡಲೆಕಾಯಿ ಇದ್ದರೆ ಕಡಲೆಕಾಯಿ ಇದೆ ಎಂದು ಬರೆದಿರಬೇಕು. ಒಂದು ಪದ ತಪ್ಪಿದ್ದರೂ ಇಡೀ ಬೆಲ್ಟನ್ನು ನಿಲ್ಲಿಸುವ ಅಧಿಕಾರ ನನಗಿತ್ತು. ಎರಡು ಸಲ ನಿಲ್ಲಿಸಿಯೂ ಇದ್ದೆ, ಅದರ ಜಂಬವೂ ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಒಂದು ಜೀವ ಹೋಗುವುದರಲ್ಲಿತ್ತು, ಅದಕ್ಕೆ ಕಾರಣಳಾದವಳು ಓದು ಬಾರದವಳಾಗಿರಲಿಲ್ಲ.

ನಾವಿದ್ದದ್ದು ಹೇಸ್‌ನ ಒಂದು ಸಾಲುಮನೆಯಲ್ಲಿ. ಹೀಥ್ರೋಗೆ ಇಳಿಯುವ ವಿಮಾನದ ಚಕ್ರಗಳು ಅಡುಗೆಮನೆ ಕಿಟಕಿಯಿಂದ ಕಾಣುತ್ತಿದ್ದವು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಗಂಡ ಧಾರವಾಡದವರು, ಸರಕಾರಿ ಆಸ್ಪತ್ರೆಯೊಂದರ ಹೃದಯದ ವಾರ್ಡಿನಲ್ಲಿ ರಿಜಿಸ್ಟ್ರಾರ್, ಎಂದರೆ ಕನ್ಸಲ್ಟೆಂಟ್ ಎಂಬ ಹಿರಿಯ ಡಾಕ್ಟರ ಕೈಕೆಳಗಿನ ಡಾಕ್ಟರು, ಆಗಿದ್ದರು. ನಾನು ಮೈಸೂರಿನವಳು. ಮಗಳಿಗೆ ಆರು ವರ್ಷ; ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮಾವ ತೀರಿಕೊಂಡ ಮರುವರ್ಷ ಅತ್ತೆ ನಮ್ಮಲ್ಲಿಗೆ ಬಂದರು. ಬರುವಾಗ ಒಂದು ಮರದ ಪೆಟ್ಟಿಗೆ ತಂದಿದ್ದರು. ಅದರೊಳಗೆ ಅಂಬೆಗಾಲಿಕ್ಕುವ ಹಿತ್ತಾಳೆಯ ಕೃಷ್ಣ, ತಾಮ್ರದ ತಂಬಿಗೆ, ತೀರ್ಥ ಕೊಡುವ ಚಿಕ್ಕ ಉದ್ಧರಣೆ. ನಮ್ಮ ಸಣ್ಣ ಕೋಣೆಯಲ್ಲಿ ಬಟ್ಟೆಯ ಕಪಾಟು ಖಾಲಿ ಮಾಡಿಸಿ ಅಲ್ಲಿ ಕೃಷ್ಣನನ್ನು ಕೂರಿಸಿದರು. ಅಂದಿನಿಂದ ಮನೆಯ ಯಜಮಾನಿಕೆ ಆ ಕೋಣೆಗೆ ಹೋಯಿತು.

ನನ್ನ ಪಾಲಿಗೆ ಉಳಿದದ್ದು ಮನೆಯ ಹಿಂದಿನ ತೋಟ. ಸೀರೆ ಹಾಸಿಟ್ಟ ಹಾಗೆ ಉದ್ದಕ್ಕೆ, ಕಿರಿದಾಗಿ ಇತ್ತು. ಮಳೆ ಬಂದರೆ ಚಪ್ಪಲಿ ಕಚ್ಚಿಕೊಳ್ಳುವಂಥ, ಬೇಸಿಗೆಯಲ್ಲಿ ಬಿರಿಯುವಂಥ ಜೇಡಿಮಣ್ಣು. ಆ ತೋಟದ ಹುಚ್ಚು ಹತ್ತಿಸಿದವಳು ಅಮೆರಿಕದಲ್ಲಿದ್ದ ನನ್ನ ಅಕ್ಕ. ಅವಳ ಹಿತ್ತಿಲಿಗೆ ಹಮ್ಮಿಂಗ್‌ಬರ್ಡ್ ಬರುತ್ತಿತ್ತು. ಹೆಬ್ಬೆರಳಿನಷ್ಟು ಹಕ್ಕಿ, ಗಾಳಿಯಲ್ಲಿ ನಿಂತಲ್ಲೇ ನಿಂತು ಕೆಂಪು ಹೂವಿಗೆ ಕೊಕ್ಕು ಹಾಕಿರುವ ಫೋಟೊ ಕಳಿಸಿದ್ದಳು. ಜೊತೆಗೆ ಗಿಡಗಳ ಪಟ್ಟಿ: ಕೆಂಪು ಬರ್ಗಮಾಟ್, ಪೆನ್‌ಸ್ಟೆಮನ್, ಕ್ರೊಕಾಸ್ಮಿಯಾ, ಫಾಕ್ಸ್‌ಗ್ಲೋವ್, ಇನ್ನೂ ಏನೇನೋ.

"ಚಳೀಲಿ ಸತ್ತೇ ಹೋಯ್ತು ಅನ್ಸತ್ತೆ, ಬೇರು ಸಾಯಲ್ಲ ಕಣೇ" ಎಂದು ಫೋನಿನಲ್ಲಿ ಹೇಳಿದಳು. "ಒಂದ್ಸಲ ನೆಟ್ಟು ಬಿಟ್ಬಿಡು. ಪ್ರತಿ ಬೇಸಿಗೇಲೂ ತಾವೇ ಎದ್ದು ಬರ್ತವೆ."

ಮಗಳಿಗೆ ಆ ಹಕ್ಕಿಯನ್ನು ತೋರಿಸುತ್ತೇನೆಂದು ಮಾತು ಕೊಟ್ಟೆ. ಭಾನುವಾರಗಳೆಲ್ಲ ಮಣ್ಣಿಗೆ ಹೋದವು. ಜೇಡಿಮಣ್ಣಿಗೆ ದಪ್ಪ ಮರಳು ಬೆರೆಸಿದೆ, ಬರ್ಗಮಾಟನ್ನು ಬಿಸಿಲಿಗೆ, ಪೆನ್‌ಸ್ಟೆಮನ್ನನ್ನು ಗೋಡೆಯ ಮರೆಗೆ ಹಾಕಿದೆ. ಒಂದು ವರ್ಷ ಕಳೆದು ಎಲ್ಲ ಕೆಂಪಗೆ ಅರಳಿದ ಮೇಲೆ ಪಕ್ಕದ ಮನೆಯ ಮುದುಕಿ ಬೇಲಿಯ ಮೇಲಿಂದ ಬಗ್ಗಿ ನೋಡಿ, ಈ ದೇಶದಲ್ಲಿ ಆ ಹಕ್ಕಿಯೇ ಇಲ್ಲವಲ್ಲ ಎಂದರು. ಅವರು ಮೆಲ್ಲಗೇ ಹೇಳಿದ್ದರು, ನಗಲಿಲ್ಲ ಕೂಡ. ಆದರೂ ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಅಕ್ಕನಿಗೆ ಈ ವಿಷಯ ಹೇಳಲಿಲ್ಲ. ಹೂವಂತೂ ಅವಳದಕ್ಕಿಂತ ಚೆನ್ನಾಗಿ ಬಂದಿದೆ ಎಂದು ಮಾತ್ರ ಹೇಳಿದೆ. ಹಕ್ಕಿ ಬಾರದ ಮೇಲೆ ಹೂವೇ ನನ್ನ ಹಟವಾಯಿತು.

ಅತ್ತೆ ಬಂದ ಮೊದಲ ಬೇಸಿಗೆ. ಮೇ ತಿಂಗಳಿರಬೇಕು, ಬಟ್ಟೆ ಒಣಹಾಕುತ್ತಿದ್ದ ನನ್ನ ಬಳಿ ಬಂದು ನಿಂತರು.

"ಲಕ್ಷ ಹೂ ಏರಸ್ತೀನಿ ಅಂತ ಬೇಡಿಕೊಂಡೇನವಾ. ಅವಗ ಕನ್ಸಲ್ಟೆಂಟ್ ಕೆಲಸ ಆಗಲಿ ಅಂತ. ಚಾತುರ್ಮಾಸದಾಗ ಮುಗಸಬೇಕು."

"ಲಕ್ಷ ಹೂ ಎಲ್ಲಿಂದ ತರೋದು ಅತ್ತೆ, ಈ ಊರಲ್ಲಿ?"

"ನೀ ಇಷ್ಟು ಗಿಡಾ ಹಚ್ಚೀಯಲ್ಲ" ಎಂದರು.

ಅವರು ನನ್ನ ತೋಟವನ್ನು ಗಮನಿಸಿದ್ದು ಅದೇ ಮೊದಲು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ನನ್ನ ಅಡುಗೆಗೆ ಉಪ್ಪು ಕಡಿಮೆ, ನನ್ನ ಮಾತು ಮೈಸೂರು, ನನ್ನ ರಂಗೋಲಿ ಸೊಟ್ಟ. ಹೂ ಒಂದನ್ನಾದರೂ ಅವರು ನನ್ನಿಂದ ಬಯಸಿ ಕೇಳಿದ್ದರು. ನಾಲ್ಕು ತಿಂಗಳಿಗೆ ಲಕ್ಷವೆಂದರೆ ದಿನಕ್ಕೆ ಎಂಟುನೂರರ ಮೇಲೆ. ನನ್ನ ಗಿಡಗಳು ಸಾಲುವುದಿಲ್ಲ ಎಂದು ಲೆಕ್ಕ ಹಾಕಿ, ಮರುದಿನವೇ ನರ್ಸರಿಗೆ ಹೋದೆ. ಅಕ್ಕನ ಪಟ್ಟಿಯಲ್ಲಿ ನಾನಿನ್ನೂ ನೆಡದಿದ್ದುದು ಫಾಕ್ಸ್‌ಗ್ಲೋವ್. ಎದೆಯೆತ್ತರದ ಕಡ್ಡಿ, ಅದರ ತುಂಬ ಒಂದರ ಕೆಳಗೊಂದು ಜೋತುಬಿದ್ದ ನಸುಗೆಂಪು ಗಂಟೆಗಳು, ಒಳಗೆ ಚುಕ್ಕೆ. ಈ ಜಾತಿಯದು ವರ್ಷ ವರ್ಷವೂ ಬರುತ್ತದೆ ಎಂದು ನರ್ಸರಿಯವನು ಹೇಳಿದ. ಒಂದು ಟ್ರೇ ತುಂಬ, ಹನ್ನೆರಡು ಗಿಡ ತಂದೆ.

ಟ್ರೇಗೆ ಒಂದೇ ಲೇಬಲ್ ಚುಚ್ಚಿತ್ತು. ಒಂದು ಬದಿಗೆ ಹೂವಿನ ಚಿತ್ರ, ಇನ್ನೊಂದು ಬದಿಗೆ ಎಷ್ಟು ಬಿಸಿಲು, ಎಷ್ಟು ಎತ್ತರ ಎಂಬ ವಿವರ. ಎಲ್ಲದರ ಕೆಳಗೆ ಸಣ್ಣ ಅಕ್ಷರದಲ್ಲಿ, ತಿಂದರೆ ಅಪಾಯ ಎಂದಿತ್ತು. ನಾನು ಓದಿದೆ. ಕೆಲಸದ ಅಭ್ಯಾಸ, ಸಣ್ಣ ಅಕ್ಷರವನ್ನೇ ಮೊದಲು ಓದುವ ಕಣ್ಣು. ಓದಿ, ಹೂವನ್ನು ಯಾರು ತಿನ್ನುತ್ತಾರೆ ಎಂದುಕೊಂಡೆ. ಎಲೆ ಹರಿದು ಸಲಾಡಿಗೆ ಹಾಕುವವರಿಗೆ, ಹೂವನ್ನು ಕೇಕಿನ ಮೇಲೆ ಇಡುವವರಿಗೆ ಬರೆದ ಮಾತು ಅದು, ನಮಗಲ್ಲ. ಅಷ್ಟಕ್ಕೆ ಬಿಟ್ಟಿದ್ದರೆ ಅದನ್ನು ಅಜ್ಞಾನ ಎನ್ನಬಹುದಿತ್ತು. ಆದರೆ ಹಿಂದಿನ ವರ್ಷ ಬೇಲಿಯ ಬಳಿಯ ಒಂದು ಪೊದೆಯ ಹಣ್ಣು ಮಕ್ಕಳಿಗೆ ಒಳ್ಳೆಯದಲ್ಲವೆಂದು ಯಾರೋ ಹೇಳಿದ್ದಕ್ಕೆ ಗಂಡ ಅದನ್ನು ಬೇರುಸಹಿತ ಕಿತ್ತು ಹಾಕಿದ್ದರು. ಈ ಲೇಬಲ್ ಕಂಡರೆ ಹನ್ನೆರಡೂ ಗಿಡ ವಾಪಸು. ಹಾಗಾಗಿ ಅದನ್ನು ಕಿತ್ತು, ತೋಟದ ಕೊನೆಯ ಗೊಬ್ಬರದ ಗುಡ್ಡೆಯೊಳಗೆ ಬೆರಳಿನಿಂದ ಒತ್ತಿದೆ. ಕೈ ತೊಳೆದುಕೊಂಡು ಒಳಗೆ ಹೋಗಿ ಚಹಾ ಮಾಡಿದೆ.

ಅತ್ತೆಗೆ ಆ ಹೂವೆಂದರೆ ಪ್ರಾಣವಾಯಿತು. "ಗಂಟಿ ಹಂಗ ಅದ ನೋಡು" ಎಂದರು. "ದೇವರಿಗೇ ಮಾಡಿಟ್ಟಂಗ." ಗಂಟಿ ಹೂ ಎಂಬ ಹೆಸರೇ ಮನೆಯಲ್ಲಿ ನಿಂತಿತು. ಗಂಡ ದಿನವೂ ವಾರ್ಡಿನಲ್ಲಿ ಮುದುಕರಿಗೆ ಹೃದಯದ ಬಡಿತ ನಿಧಾನಿಸುವ ಡಿಜಾಕ್ಸಿನ್ ಗುಳಿಗೆ ಬರೆದುಕೊಡುತ್ತಿದ್ದರು. ಅದು ಫಾಕ್ಸ್‌ಗ್ಲೋವ್ ಗಿಡದಿಂದ ಬರುತ್ತದೆಂದು ಹುಬ್ಬಳ್ಳಿಯ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದರು. ಗಿಡವನ್ನು ಮಾತ್ರ ಯಾವತ್ತೂ ಕಂಡವರಲ್ಲ. ಅದು ತಮ್ಮ ಕಿಟಕಿಯ ಹೊರಗೆ ತೂಗುತ್ತಿದ್ದರೂ ಅವರ ಪಾಲಿಗೆ ಅದು ಅವ್ವನ ಗಂಟಿ ಹೂ.

ಆಷಾಢದ ಏಕಾದಶಿಯಂದು ವ್ರತ ಶುರುವಾಯಿತು. ಬೆಳಗಾಗುತ್ತಲೇ ಅತ್ತೆ ಬುಟ್ಟಿ ಹಿಡಿದು ತೋಟಕ್ಕಿಳಿಯುತ್ತಿದ್ದರು, ಮೇಲೆ ನನ್ನ ಹಳೆಯ ಕೋಟು. ಅವರ ತವರಿನಲ್ಲಿ ಒಂದು ಪದ್ಧತಿಯಿತ್ತಂತೆ. ಎಣಿಕೆಯ ಮೊದಲ ನೂರೆಂಟು ಹೂಗಳನ್ನು ತಂಬಿಗೆಯ ನೀರಿಗೆ ಹಾಕಬೇಕು, ಅರ್ಚನೆಯೆಲ್ಲ ಮುಗಿಯುವವರೆಗೆ ಅವು ಅದರಲ್ಲೇ ನೆನೆಯಬೇಕು, ಕೊನೆಗೆ ಆ ನೀರಿನಿಂದ ದೇವರಿಗೆ ಅಭಿಷೇಕ. ಆ ಅಭಿಷೇಕದ ನೀರೇ ತೀರ್ಥ. ನೂರೆಂಟಕ್ಕೆ ಅವರು ಆರಿಸಿಕೊಂಡದ್ದು ಗಂಟೆ ಹೂವನ್ನೇ. ನಾನು ಆರೂವರೆಗೆ ಬಸ್ಸು ಹಿಡಿಯುವವಳು, ಪೂಜೆ ನೋಡಲು ಸಿಗುತ್ತಿದ್ದುದು ಭಾನುವಾರ ಮಾತ್ರ. ಮೊದಲ ಭಾನುವಾರವೇ ತಂಬಿಗೆಯೊಳಗೆ ಆ ಹೂಗಳು ತೇಲುವುದನ್ನು ನೋಡಿದೆ. ಚೆಂದ ಕಂಡವು, ಅಷ್ಟೇ. ಹೂವನ್ನು ಯಾರು ತಿನ್ನುತ್ತಾರೆ ಎಂದು ಕೇಳಿಕೊಂಡವಳು ನಾನೇ. ಹೂ ನೆನೆದ ನೀರನ್ನು ಮೂರು ಸಲ ಅಂಗೈಯಲ್ಲಿ ಹಿಡಿದು ಕುಡಿದವಳೂ ನಾನೇ. ಎರಡೂ ಒಂದೇ ಎಂದು ತಲೆಗೆ ಹೊಳೆಯಲೇ ಇಲ್ಲ. ತೀರ್ಥವೆಂದರೆ ನಮಗೆ ತಿನ್ನುವ ಕುಡಿಯುವ ಪದಾರ್ಥಗಳ ಸಾಲಿಗೆ ಸೇರಿದ್ದೇ ಅಲ್ಲವಲ್ಲ.

ಮನೆಯಲ್ಲಿ ತೀರ್ಥ ಮೊದಲು ಮಗುವಿಗೆ, ಆಮೇಲೆ ಮಗನಿಗೆ, ಕೊನೆಗೆ ಸೊಸೆಗೆ. ತಂಬಿಗೆಯಲ್ಲಿ ಉಳಿದದ್ದನ್ನು ಚೆಲ್ಲಬಾರದೆಂದು ಅತ್ತೆಯೇ ಕುಡಿಯುತ್ತಿದ್ದರು. ಮಗಳು ಮುಖ ಕಿವುಚಿದಳು.

"ಇಟ್ಸ್ ಬಿಟರ್, ಅಮ್ಮ."

"ತೀರ್ಥಾನ ಹಾಗೆಲ್ಲ ಅನ್ನಬಾರದು. ಸುಮ್ನೆ ನುಂಗು" ಎಂದೆ.

ನನಗೂ ಕಹಿಯೆನಿಸಿತ್ತು. ತಂಬಿಗೆ ಸರಿಯಾಗಿ ಬೆಳಗಿಲ್ಲವೇನೋ, ತಾಮ್ರದ ರುಚಿ ಇರಬೇಕು ಎಂದುಕೊಂಡೆ. ಅತ್ತೆಗೆ ಹೇಳುವ ಧೈರ್ಯವಾಗಲಿಲ್ಲ. ಬದಲಿಗೆ, ಒಂದು ಕಡ್ಡಿಯ ಹೂ ಮುಗಿದೊಡನೆ ಅದನ್ನು ಕತ್ತರಿಸಿದರೆ ಪಕ್ಕದಿಂದ ಹೊಸ ಕಡ್ಡಿ ಬರುತ್ತದೆ, ಆಗಸ್ಟಿನವರೆಗೂ ಹೂ ಸಿಗುತ್ತದೆ ಎಂದು ಹೇಳಿಕೊಟ್ಟೆ. ಅವರು ಕತ್ತರಿ ಹಿಡಿಯುವುದನ್ನು ಕಲಿತರು.

ಎರಡು ವಾರ ಕಳೆಯುವಷ್ಟರಲ್ಲಿ ಅತ್ತೆಯ ಊಟ ಕಡಿಮೆಯಾಯಿತು. ಚಾತುರ್ಮಾಸದ ಮೊದಲ ತಿಂಗಳು ತರಕಾರಿ ಮುಟ್ಟುವಂತಿಲ್ಲ, ಅದಕ್ಕೇ ಇರಬೇಕೆಂದೆವು. ಅನ್ನದ ವಾಸನೆಗೇ ಹೊಟ್ಟೆ ತೊಳೆಸುತ್ತದೆ ಎಂದರು. ವ್ರತದಲ್ಲಿ ನಾಲಿಗೆ ತಾನೇ ಹಿಡಿತಕ್ಕೆ ಬರುತ್ತದೆ ಎಂದು ಅವರೇ ಸಮಾಧಾನ ಹೇಳಿಕೊಂಡರು. ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ಕೂರತೊಡಗಿದರು. ಗಂಡ ರಕ್ತ ಪರೀಕ್ಷೆ ಮಾಡಿಸೋಣವೆಂದರೆ, ವ್ರತ ಮುಗಿಯುವ ತನಕ ಸೂಜಿ ಚುಚ್ಚಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿದರು. ಒಂದು ಭಾನುವಾರ ಪೂಜೆ ಮುಗಿಸಿ ಬಂದವರ ಮುಖ ಬೆಳಗುತ್ತಿತ್ತು.

"ಕೃಷ್ಣನ ಸುತ್ತ ಅರಿಶಿಣದಂಥಾ ಬೆಳಕು ಕಾಣಸ್ಲಿಕ್ಕತ್ತದವಾ" ಎಂದರು. "ದೀಪಕ್ಕೂ ಹಳದಿ ಬಳಿ ಇಟ್ಟಂಗ. ಇಷ್ಟು ವರ್ಷ ಪೂಜಿ ಮಾಡೇನಿ, ಹಿಂಗ ಯಾವತ್ತೂ ಕಂಡಿದ್ದಿಲ್ಲ."

ನನಗೆ ಮೈ ಜುಮ್ಮೆಂದಿತು. ಭಕ್ತಿಯೆಂದುಕೊಂಡೆ. ಅವರ ಮುಂದೆ ನಾನೆಷ್ಟು ಸಣ್ಣವಳು ಎಂದೂ ಅನಿಸಿತು. ಗಂಡ ಅವತ್ತು ಡ್ಯೂಟಿಯಲ್ಲಿದ್ದರು. ಡಿಜಾಕ್ಸಿನ್ ಮೈಗೆ ಹೆಚ್ಚಾದವರಿಗೆ ಹೀಗೆ ಹಳದಿ ಕಾಣುತ್ತದೆಂದು ಬಲ್ಲವರು ಅವರು. ಇದ್ದಿದ್ದರೆ, ಆ ಒಂದು ಮಾತು ಅವರ ಕಿವಿಗೆ ಬಿದ್ದಿದ್ದರೆ, ಬಹುಶಃ ಅಲ್ಲೇ ಎಲ್ಲ ನಿಲ್ಲುತ್ತಿತ್ತು. ಸಂಜೆ ನಾನು ಅವರಿಗೆ ಹೇಳಲೂ ಇಲ್ಲ.

ಮರು ವಾರ ಇನ್ನೊಂದು ಅವಕಾಶ ಬಂದಿತ್ತು. ಆ ಮಧ್ಯಾಹ್ನ ಎಲ್ಲರೂ ತೋಟದಲ್ಲಿದ್ದೆವು, ಗಂಡನೂ. ಮಗಳು ಒಮ್ಮೆಲೇ ಬರ್ಗಮಾಟ್ ಕಡೆ ಕೈ ತೋರಿಸಿ ಬರ್ಡ್, ಬರ್ಡ್ ಎಂದು ಪಿಸುಗುಟ್ಟಿದಳು. ಹೂವಿನ ಮುಂದೆ ಗಾಳಿಯಲ್ಲಿ ನಿಂತೇ ಇತ್ತು, ರೆಕ್ಕೆ ಕಾಣದಷ್ಟು ಬೀಸುತ್ತ, ಉದ್ದನೆಯ ಕೊಳವೆ ಹಾಕಿ ಮಧು ಹೀರುತ್ತಿತ್ತು. ಅಕ್ಕನ ಫೋಟೊದ ಹಾಗೆಯೇ. ಹಕ್ಕಿಯಲ್ಲ, ಅದೇ ಹೆಸರಿಟ್ಟುಕೊಂಡ ಪತಂಗ ಎಂದು ಪಕ್ಕದ ಮನೆಯ ಮುದುಕಿ ಬೇಲಿಯಾಚೆಯಿಂದ ಹೇಳಿದರು.

"ಅದರ ಸುತ್ತಲೂ ಹಳದಿ ಬೆಳಕು ಅದಲ್ಲ" ಎಂದರು ಅತ್ತೆ, ಕುರ್ಚಿಯಲ್ಲಿ ಕೂತೇ.

ಪತಂಗದ ಹಿಂರೆಕ್ಕೆ ಕಿತ್ತಳೆ ಬಣ್ಣದ್ದೇ. ಗಂಡ ನಕ್ಕು "ಹೌದವ್ವಾ" ಎಂದರು. ಮುದುಕಿ ಮಾತ್ರ ಅತ್ತೆಯ ಮಡಿಲಲ್ಲಿದ್ದ ಬುಟ್ಟಿಯನ್ನು ಒಂದು ಗಳಿಗೆ ನೋಡಿದರು. ಆ ಹೂವನ್ನು ಕಿತ್ತ ಮೇಲೆ ಕೈ ತೊಳೆಯುವುದು ಒಳ್ಳೆಯದು ಎಂದು ನನಗೆ ಹೇಳಿದರು. ನಾನು ಥ್ಯಾಂಕ್ಸ್ ಎಂದೆ. ಗೊಬ್ಬರದ ಗುಡ್ಡೆ ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿತ್ತು, ನನ್ನ ಕಣ್ಣು ಅತ್ತ ಹೋಯಿತು. ಆಗ ಬಾಯಿಬಿಟ್ಟರೆ ಲೇಬಲ್ ಕಿತ್ತದ್ದನ್ನೂ ಹೇಳಬೇಕಾಗುತ್ತಿತ್ತು. ಬಾಯಿ ಬಿಡಲಿಲ್ಲ.

ಮೂರನೆಯ ಏಕಾದಶಿ ಆಗಸ್ಟಿನಲ್ಲಿ ಬಂತು. ಶಾಲೆಗೆ ರಜೆ, ಮಗಳು ಮನೆಯಲ್ಲಿ ಅಜ್ಜಿಯ ಜೊತೆಗಿದ್ದಳು. ಏಕಾದಶಿಯಂದು ಅತ್ತೆ ಅನ್ನವಿರಲಿ, ನೀರನ್ನೂ ಕುಡಿಯುತ್ತಿರಲಿಲ್ಲ. ತೀರ್ಥಕ್ಕೆ ಮಾತ್ರ ನಿಷೇಧವಿಲ್ಲ. ಅವತ್ತು ಸೆಖೆ ವಿಪರೀತ, ಬಾಯಾರಿದಾಗಲೆಲ್ಲ ತಂಬಿಗೆಯಿಂದಲೇ ಕುಡಿದಿದ್ದಾರೆ. ಮಧ್ಯಾಹ್ನ ಫ್ಯಾಕ್ಟರಿಯ ಆಫೀಸಿಗೆ ಫೋನ್ ಬಂತು. ಅಜ್ಜಿ ಏಳುತ್ತಿಲ್ಲವೆಂದು ಮಗಳು ಪಕ್ಕದ ಮನೆಗೆ ಓಡಿದ್ದಳು, ಆ ಮುದುಕಿ ಆಂಬುಲೆನ್ಸ್ ಕರೆಸಿದ್ದರು. ನಾನು ಬಲೆಟೋಪಿಯಲ್ಲೇ ಹೊರಟುಬಿಟ್ಟಿದ್ದೆ. ಬಸ್ಸಿನಲ್ಲಿ ಯಾರೋ ನೋಡಿದ ಮೇಲೆ ತೆಗೆದೆ.

ಆಸ್ಪತ್ರೆಯಲ್ಲಿ ಗಂಡ ತಾಯಿಯ ಕೈ ಹಿಡಿದು ನಿಂತಿದ್ದರು. ನಾಡಿ ನಿಮಿಷಕ್ಕೆ ಮೂವತ್ತೆಂಟು. ಹೃದಯದ ಗೆರೆಗಳು ಮೂಡಿದ ಕಾಗದ ಅವರ ಇನ್ನೊಂದು ಕೈಯಲ್ಲಿತ್ತು. ಡಿಜಾಕ್ಸಿನ್ ಹೆಚ್ಚಾದ ಮುದುಕರಲ್ಲಿ ಅಂಥ ಗೆರೆಯನ್ನು ಅವರು ನೂರಾರು ಸಲ ನೋಡಿದ್ದರು.

"ಅವ್ವಾ, ಯಾರದರೆ ಗುಳಿಗಿ ತೊಗೊಂಡೀಯೇನು? ಖರೇ ಹೇಳು."

"ಇಲ್ಲಪಾ" ಎಂದರು ಅತ್ತೆ, ತುಟಿ ಅಲ್ಲಾಡಿತೋ ಇಲ್ಲವೋ. "ತೀರ್ಥ ಬಿಟ್ಟು ಏನೂ ತೊಗೊಂಡಿಲ್ಲ."

ಗಂಡನ ಹಿರಿಯ ಡಾಕ್ಟರು ಆ ಕಾಗದ ನೋಡಿ ನನ್ನ ಕಡೆ ತಿರುಗಿದರು. ಮನೆಗೆ ತೋಟವಿದೆಯೇ ಎಂದು ಕೇಳಿದರು. ಆ ಪ್ರಶ್ನೆಯಷ್ಟು ಭಯ ನನಗೆ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಫಾಕ್ಸ್‌ಗ್ಲೋವ್ ಎಂಬ ಪದವನ್ನು ಗಂಡನ ಮುಂದೆ ಮೊದಲ ಸಲ ಹೇಳಿದೆ. ಅವರು ನನ್ನನ್ನು ನೋಡಿದರು. ಆಮೇಲೆ, ಮಗಳೆಲ್ಲಿ ಎಂದರು.

ಮಗಳು ಹೊರಗೆ ಮುದುಕಿಯ ಪಕ್ಕ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಅವಳನ್ನೂ ಮಲಗಿಸಿ, ವೈರು ಅಂಟಿಸಿ ನೋಡಿದರು. ಏನೂ ಆಗಿರಲಿಲ್ಲ. ತೀರ್ಥ ಎಷ್ಟು ಕುಡಿದೆ ಎಂದು ಕೇಳಿದಾಗ ನನ್ನ ಮುಖವನ್ನೇ ಹೆದರಿಕೆಯಿಂದ ನೋಡಿದಳು. ಮೊದಲ ವಾರದ ನಂತರ ಅವಳು ನುಂಗಿಯೇ ಇರಲಿಲ್ಲ. ದಿನವೂ ಬಾಯಲ್ಲಿ ಇಟ್ಟುಕೊಂಡು ಹೋಗಿ ಬಾತ್‌ರೂಮಿನಲ್ಲಿ ಉಗುಳುತ್ತಿದ್ದಳು. ನನ್ನ ಮಾತು ಕೇಳದೆ ಇದ್ದುದರಿಂದ ನನ್ನ ಮಗಳು ಉಳಿದಳು.

ಅತ್ತೆಯೂ ಉಳಿದರು, ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು. ಮೂರನೆಯ ದಿನ ಅವರ ಮಂಚದ ಪಕ್ಕದಲ್ಲೇ ಗಂಡ ನನ್ನನ್ನು ಕೇಳಿದರು.

"ಗಿಡದ ಜೋಡಿ ಲೇಬಲ್ ಏನರೆ ಇತ್ತೇನು?"

ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು.

"ಇರಲಿಲ್ಲ" ಎಂದೆ.

ಗಂಡ ತಲೆ ಅಲ್ಲಾಡಿಸಿದರು. ಲೇಬಲ್ ಓದುವುದು ನನ್ನ ಕೆಲಸವೆಂದು ಅವರಿಗೆ ಗೊತ್ತಿತ್ತು, ಅದಕ್ಕೇ ನಂಬಿದರು.

ಅತ್ತೆ ಮನೆಗೆ ಬಂದ ದಿನ ಗಂಡ ಕೈಗೆ ಗ್ಲೋವ್ಸ್ ಹಾಕಿಕೊಂಡು ತೋಟವನ್ನೆಲ್ಲ ಅಗೆದರು. ಗಂಟೆ ಹೂವಿನ ಜೊತೆಗೆ ಬರ್ಗಮಾಟ್, ಪೆನ್‌ಸ್ಟೆಮನ್, ಯಾವುದನ್ನೂ ಬಿಡಲಿಲ್ಲ. ಬೇರು ಸಾಯದ ಗಿಡಗಳೆಂದು ಒಂದೊಂದನ್ನೂ ಆಳದಿಂದ ಎತ್ತಿದರು. ಗೊಬ್ಬರದ ಗುಡ್ಡೆಯನ್ನೂ ಕೆದರಿ ಚೀಲಕ್ಕೆ ತುಂಬಿದರು. ಅತ್ತೆ ಕುರ್ಚಿಯಲ್ಲಿ ಶಾಲು ಹೊದ್ದು ಕೂತು ನೋಡುತ್ತಿದ್ದರು. ನಾನು ಒಳಗೆ ಗಂಜಿ ಮಾಡುತ್ತಿದ್ದೆ. ಲೇಬಲ್ ಚೀಲದೊಳಗೆ ಹೋಯಿತೆಂದುಕೊಂಡು ನಿಟ್ಟುಸಿರು ಬಿಟ್ಟೆ, ಆ ನಿಟ್ಟುಸಿರಿಗೆ ನಾಚಿಕೆಯೂ ಆಯಿತು. ಲಕ್ಷದ ಎಣಿಕೆ ಅರ್ಧಕ್ಕೂ ಬರದೆ ನಿಂತಿತು. ಗಂಡನಿಗೆ ಎರಡು ವರ್ಷದ ಮೇಲೆ ಕನ್ಸಲ್ಟೆಂಟ್ ಕೆಲಸವಾಯಿತು. ಹೂವಿನ ಮಾತನ್ನು ಯಾರೂ ಎತ್ತಲಿಲ್ಲ.

ಒಂದು ವಿಷಯ ಬದಲಾಯಿತು. ಪೂಜೆ ಮತ್ತೆ ಶುರುವಾದ ಮೇಲೆ, ನಮ್ಮವರ ಅಂಗಡಿಗಳಿರುವ ಈಲಿಂಗ್ ರೋಡಿನಿಂದ ತಂದ ತುಳಸಿಯ ಎರಡು ದಳ ಮಾತ್ರ ಹಾಕಿದ ತೀರ್ಥವನ್ನು ಅತ್ತೆ ಮೊದಲು ನನಗೆ ಕೊಡತೊಡಗಿದರು.

"ಮದಲ ನೀ ತೊಗೋವಾ."

ನಾನು ಕೆಲಸಕ್ಕೆ ಹೊರಡುವ ಮುಂಚೆಯೇ ಪೂಜೆ ಮುಗಿಸುವಷ್ಟು ಬೇಗ ಏಳುವುದನ್ನೂ ರೂಢಿ ಮಾಡಿಕೊಂಡರು. ಉದ್ಧರಣೆಯಿಂದ ಮೂರು ಸಲ ಹಾಕಿ, ನಾನು ನುಂಗುವ ತನಕ ನಿಂತಿರುತ್ತಿದ್ದರು. ಆಮೇಲೆ ಮಗುವಿಗೆ, ಮಗನಿಗೆ. ನನಗೆ ಹೆಮ್ಮೆಯಾಯಿತು. ಸಾವಿನ ಬಾಯಿಂದ ಬಂದವರಿಗೆ ಸೊಸೆಯ ಬೆಲೆ ತಿಳಿದಿದೆ, ನನ್ನ ಆರೈಕೆಗೆ ಸಿಕ್ಕ ಮರ್ಯಾದೆ ಇದು ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿಕೊಂಡೆ. ಹತ್ತು ವರ್ಷ ಹಾಗೆಯೇ ನಡೆಯಿತು. ಹತ್ತು ವರ್ಷವೂ ನಾನು ಆ ಮರ್ಯಾದೆಯನ್ನು ಖುಷಿಯಿಂದ ಕುಡಿದೆ.

ಅತ್ತೆ ತೀರಿಕೊಂಡದ್ದು ಒಂದು ಚಳಿಗಾಲದಲ್ಲಿ, ವಯಸ್ಸಾಗಿ, ಹಾಸಿಗೆಯಲ್ಲಿ. ಕರ್ಮಗಳೆಲ್ಲ ಮುಗಿದ ಮೇಲೆ ಆ ಮರದ ಪೆಟ್ಟಿಗೆಯನ್ನು ತೊಳೆದಿಡೋಣವೆಂದು ತೆಗೆದೆ. ತಳಕ್ಕೆ ಹಾಸಿದ್ದ ಕೆಂಪು ಬಟ್ಟೆಯನ್ನು ಎತ್ತಿದರೆ ಕೆಳಗೆ ಪ್ಲಾಸ್ಟಿಕ್ಕಿನ ಲೇಬಲ್ ಇತ್ತು. ಚೆನ್ನಾಗಿ ತೊಳೆದು ಒರೆಸಿ ಇಟ್ಟದ್ದು. ಗಂಟೆ ಹೂವಿನ ಚಿತ್ರ ಸ್ವಲ್ಪ ಮಾಸಿತ್ತು, ಹಿಂಬದಿಯ ಸಣ್ಣ ಅಕ್ಷರ ಒಂದೂ ಮಾಸಿರಲಿಲ್ಲ.

ಮಗಳು ಬಾಗಿಲಲ್ಲಿ ನಿಂತಿದ್ದಳು, ಆಗ ಅವಳಿಗೆ ಹದಿನೇಳು.

"ಅಜ್ಜಿ ಮೇಡ್ ಮಿ ರೀಡ್ ಇಟ್" ಎಂದಳು. ಆಮೇಲೆ, ನನ್ನ ಮುಖ ನೋಡಿಯೋ ಏನೋ, ಕನ್ನಡದಲ್ಲಿ ತಡವರಿಸುತ್ತ ಹೇಳಿದಳು. "ಅಪ್ಪ ಗೊಬ್ಬರ ಕೆದರ್ತಿದ್ದಾಗ ನಂಗೆ ಸಿಕ್ತು. ನಾನು ಓದಿದೆ, ಅಜ್ಜಿಗೆ ಅರ್ಥ ಹೇಳ್ದೆ. ಅಮ್ಮಂಗೆ ಹೇಳಬ್ಯಾಡ ಅಂದ್ರು."

"ಇನ್ನೇನಂದ್ರು?"

"ಏನಿಲ್ಲ. ದೇವರ ಪೆಟ್ಟಿಗೇಲಿ ಇಟ್ರು."

ಅವರು ಮಗನಿಗೆ ಹೇಳಲಿಲ್ಲ. ಹೇಳಿದ್ದರೆ ನನ್ನ ಸಂಸಾರ ಏನಾಗುತ್ತಿತ್ತೋ ನಾನು ಬಲ್ಲೆ, ಅವರೂ ಬಲ್ಲವರೇ. ನನ್ನನ್ನು ಕಾಪಾಡಿದರು ಎಂದು ಒಂದು ದಿನ ಅನಿಸುತ್ತದೆ. ಇನ್ನೊಂದು ದಿನ, ಉದ್ಧರಣೆ ಹಿಡಿದು ನಿಂತು ಅವರು ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ನನ್ನ ಗಂಟಲನ್ನು ಎಂಬುದು ನೆನಪಾಗುತ್ತದೆ.

ಈಗ ಪೂಜೆ ನನ್ನದು. ತಂಬಿಗೆ ಅದೇ, ಉದ್ಧರಣೆ ಅದೇ. ಲೇಬಲ್ಲನ್ನು ತೆಗೆದ ಜಾಗದಲ್ಲೇ ಇಟ್ಟಿದ್ದೇನೆ. ಪೂಜೆ ಮುಗಿದ ಮೇಲೆ ಮೊದಲು ನಾನೇ ಮೂರು ಸಲ ಕುಡಿದು, ಸ್ವಲ್ಪ ಹೊತ್ತು ಕಾದು, ಆಮೇಲೆ ಮಗಳನ್ನು ಕರೆಯುತ್ತೇನೆ.